ಗೌಡ ಹೋದ ದಿನ ಮೊಳಕಿ ಹಳಸಿತ್ತು

ಅಲ್ಲವ್ವಾ ಕಸ್ತೂರಿ, ನಾ ಯಾಕ ಸುಳ್ಳ ಹೇಳ್ಲಿ? ನಿನ್ನ ಬೀಗತಿ ಸುನಂದಾನ ದೇವರ ಖೋಲ್ಯಾಗ ನಾ ಕಾಲೇ ಇಟ್ಟಿಲ್ಲ. ಹೊಸ್ತಿಲದ ಹೊರಗ ನಿಂತೀನಿ, ಕೈ ಮುಗದೀನಿ, ಬಂದೀನಿ. ಮಂದಿ ಮನಿ ದೇವರು, ಮಂದಿ ಮನಿ ಮಡಿ... ನನಗ್ಯಾಕ ಬೇಕು? ಆ ಖುರ್ಚಿ ಬ್ಯಾಡ, ಅದರ ಒಂದು ಕಾಲು ಸಡಿಲ ಅದ. ಇಲ್ಲಿ ಚಾಪಿ ಮ್ಯಾಲ ಕುಂದ್ರು, ಪಿಂಜರಾದ ಬಾಜೂಕ. ಹಾಂ, ಹಂಗ. ಗೌಡ್ತಿ ಏನೂ ಮಾಡಂಗಿಲ್ಲ. ಗಂಡ ಹೋದಾಗಿಂದ ಆಕಿ ಬಾಯೇ ತಗದಿಲ್ಲ, ಮೂಲಿ ಹಿಡದು ಕುಂತಾಳ. ಗಿಣಿ ಜಾತಿ ಅಷ್ಟೇ! ನನ್ನ ಗಂಡ ಹೋಗಿ ಇಪ್ಪತ್ತು ವರ್ಷ ಆತು, ನಾ ಒಂದಿನ ಬಾಯಿ ಮುಚ್ಚಿಲ್ಲ.

ಯಾಕ ನಗ್ತಿ? ನಗು, ನಗು. ಜೇವರ್ಗಿ ಕಾಲೋನಿ ಪುರಾ ನಗ್ತದ. ಸಾವಿತ್ರಿಬಾಯಿ ಬಾಯಿ ಅಂದ್ರ ರೇಡಿಯೊ ಅಂತಾರ ನನ್ನ ಹಿಂದ. ಅನ್ಲಿ! ಆದ್ರ ಯಾರ ಮನ್ಯಾಗ ಏನರ ಆತಂದ್ರ ಮೊದಲ ಎಲ್ಲಿಗಿ ಬರ್ತಾರ? ಇಲ್ಲಿಗೇ! ನೀನೂ ಬಂದಿಲ್ಲ? ಕಮಲಾಪುರದಾಗ ಮುಂಜಾನಿ ಬಸ್ ಹತ್ತಿ, ಕೆಂಪು ಬಾಳಿಹಣ್ಣಿನ ಚೀಲಾ ಬಗಲಾಗ ಹಿಡಕೊಂಡು, ಬೀಗತಿ ಬಾಗಲಾ ದಾಟಿ ಸೀದಾ ನನ್ನ ಬಾಗಲಾ ಬಡದಿ. ಹಣ್ಣು ಯಾರಿಗಿ? ಸುನಂದಾಗಾ, ನನಗಾ? ...ಆತು ಬಿಡು, ನಾಕು ಇಲ್ಲಿ ಇಡು, ಉಳದದ್ದು ಆಕಿಗಿ ಕೊಡು. ನನಗೂ ತವರಿನ ಹಣ್ಣಲ್ಲವ್ವಾ ಅವು! ನಾ ಕಮಲಾಪುರದ ಹೆಣ್ಣು ಅನ್ನೋದು ಮರತೀಯೇನು? ನಿನ್ನ ಅತ್ತಿ ಮತ್ತ ನಾನು ಕೂಡೇ ಬಾವಿ ನೀರು ಸೇದೀವಿ. ಆಕಿ ಸೇದ್ತಿದ್ಲು, ನಾ ಮಾತಾಡ್ತಿದ್ದೆ.

ಅದಕ್ಕ ನಿನಗ ಖರೇ ಹೇಳ್ತೀನಿ, ಒಂದೂ ಮುಚ್ಚಂಗಿಲ್ಲ. ನಿನ್ನ ಮಗಳು ನಿನಗ ಏನ ಹೇಳ್ಯಾಳೋ ಗೊತ್ತಿಲ್ಲ. ಏನೂ ಹೇಳಿರಬಾರ್ದು. ತವರಿಗೆ ಬಂದು ಮೂಲ್ಯಾಗ ಕುಂತು ಅಳ್ತಿರಬೇಕು. ಹೌದಲ್ಲ? ಹಾಂ, ಗೋಣು ಹಾಕಿದಿ ನೋಡು! ನನಗ ಗೊತ್ತೇ ಇತ್ತು. ಹೇಳೋವಂಥಾದ್ದು ಏನರ ಇದ್ರಲ್ಲ ಸೃಷ್ಟಿ ಹೇಳ್ಲಾಕ!

ನಿಮ್ಮ ಮನ್ಯಾಗ ಘಟ ಹಾಕಂಗಿಲ್ಲಲ್ಲ, ನಿನಗ ಇದರ ವಜನ ತಿಳ್ಯಂಗಿಲ್ಲ. ಸುನಂದಾನ ಮನಿದೇವರು ಅಂಬಾಭವಾನಿ. ದಸರಾ ಬಂತಂದ್ರ ದೇವರ ಮುಂದ ಬಿದಿರ ಬುಟ್ಟಿ ಇಟ್ಟು, ಕರಿಮಣ್ಣು ಹಾಕಿ, ನಡುವ ಕೊಡ ಕೂಡಿಸಿ, ಸುತ್ತ ಕಾಳು ಬಿತ್ತತಾರ. ಮುಂದ ಗೋಧಿ, ಹಿಂದ ಗ್ವಾಡಿ ಕಡಿ ಜ್ವಾಳ. ದಿನಾ ನೀರು ಚಿಮಕಸೋದು. ಖಿಡಕಿ ಬಂದ್. ಕತ್ತಲಾಗ ಬೆಳದ ಸಸಿ ಹಸರ ಆಗಂಗಿಲ್ಲ ನೋಡು, ಬಂಗಾರದಂಗ ಹಳದಿ ಬರ್ತಾವ! ಬಾಜೂಕ ಒಂದು ದೀಪ, ಅದು ಹಗಲೂ ರಾತ್ರಿ ಆರಬಾರ್ದು. ಸಸಿ ದಟ್ಟ ಎದ್ದವಂದ್ರ ಆ ವರ್ಷ ಮನಿಗೆ ಬರಕತ್ತು. ಬೋಳಾದವಂದ್ರ... ಅಯ್ಯ ನಮ್ಮವ್ವಾ, ಬಾಯಿಲೆ ಅನಬಾರ್ದು.

ಮತ್ತ ದಸರಾ ದಿನ ಘಟ ಎತ್ತತಾರ. ಆ ಹಳದಿ ಸಸಿ ಕಿತ್ತು, ಮನಿ ಸೊಸಿ ಒಬ್ಬೊಬ್ಬ ಹಿರೇ ಹೆಣ್ಣಮಕ್ಕಳ ತುರುಬಿನಾಗ ಸಿಗಸಿ ಕಾಲಿಗೆ ಬೀಳ್ತಾಳ. ಹೊಸ ಸೊಸಿ ಬಂದ ವರ್ಷ ಅಂತೂ ಬಳಗ ಅಷ್ಟೂ ಕೂಡತದ, ಆಕಿ ಕೈ ನೋಡ್ಲಾಕ. ನಾಳೆನೇ ಅದು. ನಾಳೆ ನಿನ್ನ ಸೃಷ್ಟಿ ಅಲ್ಲಿ ನಿಂತು ಸಸಿ ಇಡ್ಲಿಲ್ಲಂದ್ರ, ಈಕಿ ನಮ್ಮ ಸೊಸಿ ಅಲ್ಲ ಅಂತ ಸುನಂದಾ ಮೈಕ್ ಹಚ್ಚಿ ಹೇಳಿದಂಗೇ. ಆಮ್ಯಾಲ ಬಾಳಿಹಣ್ಣಿನ ಗೊನಿ ಗೊನಿ ಹೊತ್ತು ತಂದ್ರೂ ಏನೂ ಆಗಂಗಿಲ್ಲ ತಂಗಿ.

ಕಣ್ಣೊರಸ್ಕೋ. ಅಳಬ್ಯಾಡ. ನೀ ಅತ್ರ ನನಗ ಹೇಳ್ಲಾಕ ಮಜಾ... ಅಂದ್ರ, ಹೇಳ್ಲಾಕ ಬಾಯಿ ಬರಂಗಿಲ್ಲ ಅಂದೆ.

ಆ ದಿನ ಏನಾತಂದ್ರ, ಸಂಜಿ ಆರತಿ. ಓಣಿ ಹೆಣ್ಣಮಕ್ಕಳು ಅಷ್ಟೂ ಕೂಡೀವಿ. ಸುನಂದಾ ಅದೇ ಈಗ ಕಪನೂರದಿಂದ ಬಂದಿದ್ಲು. ಮಗ ಗುರುಪ್ರಸಾದನ ಕಾರಖಾನಿ ಅಲ್ಲಿ ಅದಲ್ಲ, ಮಷೀನಿನ ಪೂಜಾದ ಸಾಮಾನು ಕೊಟ್ಟು ಬಂದಿದ್ಲು. ಆರತಿ ತಾಟು ಎತ್ತಿದ್ಲು. ನಾನೇ ಮೊದಲ ನೋಡಿದ್ದು! 'ಅಯ್ಯ ಸುನಂದಾ, ನಿನ್ನ ಘಟದ ಹಿಂದ ನೋಡವ್ವಾ, ಗ್ವಾಡಿ ಕಡಿ ಪುರಾ ಬೋಳು!' ಅಂದೆ. ನೋಡ್ತಾಳ, ಖರೇನೇ! ಮುಂದ ಗೋಧಿ ತುಪ್ಪ ಸುರವಿದಂಗ ಹೊಳೀಲಾಕತ್ತಾದ, ಹಿಂದ ನಿಮ್ಮ ಜ್ವಾಳ ಇದ್ದ ಜಾಗಾದಾಗ ಕರಿಮಣ್ಣು ಹಲ್ಲು ಕಿಸದದ. ಈ ವಯಸ್ಸಿನಾಗೂ ನನ್ನ ಕಣ್ಣು ಹೆಂಗ ಅವ ನೋಡು! ಹರೇದ ಹುಡಿಗ್ಯಾರಿಗೆ ಕಾಣಲಾರದ್ದು ನನಗ ಕಾಣಸ್ತದ.

ನಿಮ್ಮದೇ ಜ್ವಾಳ, ಹೌದು. ಸೃಷ್ಟಿ ತವರಿಂದ ತಂದಿದ್ಲು, ಸಣ್ಣ ಗಂಟು ಕಟಗೊಂಡು. ನೀನೇ ಹೊಲದಾಗ ತೆನಿ ಆರಿಸಿ ಕೊಟ್ಟಿದ್ದೇನು? ...ನೋಡು ಮತ್ತ! ಅದಕ್ಕ ಸುನಂದಾಗ ಇನ್ನೂ ಜೋರ ಆತು. 'ತವರಿನ ಕಾಳೂ ಹಂಗ, ತವರಿಂದ ಬಂದಾಕೀನೂ ಹಂಗ' ಅಂದ್ಲು. ಆಕಿ ಅಂದದ್ದವ್ವಾ, ನಾ ಅಲ್ಲ! ನಾ ಬರೇ ಹೂಂ ಅಂದೀನಿ.

ಆಮ್ಯಾಲ ಎಲ್ಲಾರೂ ಒಬ್ಬರ ಮಕ ಒಬ್ಬರು ನೋಡಿದ್ರು. ಹೆಣ್ಣು ಹೊರಗ ಕುಂಡ್ರೋ ದಿನಾ ಮುಚ್ಚಿಟ್ಟು ಘಟಕ್ಕ ನೀರು ಹಾಕಿದ್ರ ಸಸಿ ಹಿಂಗೇ ಹೋಗ್ತಾವ, ಅಂತ ಮಾತು ಬಂತು... ಯಾರು ಅಂದ್ರು? ಯಾರೋ ಅಂದ್ರವ್ವಾ! ಅಷ್ಟು ಮಂದ್ಯಾಗ ಯಾರು ಅಂದ್ರು ಅಂತ ಹೆಂಗ ಹೇಳ್ಲಿ? ...ಸುನಂದಾ ನಂದೇ ಹೆಸರು ಹೇಳಿದ್ಲು? ಫೋನಿನಾಗ? ಆತಪಾ, ಧ್ವನಿ ನಂದೇ ಇರಬೇಕು. ಆದ್ರ ಮಾತು ಎಲ್ಲಾರ ಹೊಟ್ಟ್ಯಾಗಿಂದು!

ಸೃಷ್ಟಿ ಏನಂದ್ಲು ಅಂತೀ? 'ಇಲ್ರಿ ಅತ್ತಿ' ಅಂದ್ಲು. ಅಷ್ಟೇ. ಕಂಬದಂಗ ನಿಂತ್ಲು. ನಿಂತು ನನ್ನ ಕಡಿ ನೋಡಿದ್ಲು. ನನ್ನ ಕಡಿ ಯಾಕ ನೋಡಬೇಕು ಆಕಿ? ನನ್ನ ಹಣಿ ಮ್ಯಾಲ ಏನರ ಬರದಿತ್ತೇನು? ನಾ ಸೆರಗು ಸರಿ ಮಾಡಿಕೋತ ಗ್ವಾಡಿ ಕಡಿ ತಿರಗಿದೆ. ಗುರುಪ್ರಸಾದನ್ನ ಕೇಳಬ್ಯಾಡ. ಕಪನೂರದಾಗ ಆನೆಯಂಥಾ ಮಷೀನ್ ಓಡಸ್ತಾನ, ಅವ್ವನ ಮುಂದ ನಾಲಿಗಿ ಓಡಂಗಿಲ್ಲ. ತವರಿಗೆ ಕಳಸು ಅಂತ ಅವ್ವ ಅಂದ್ಲು, ಮರದಿನ ಮುಂಜಾನಿ ಹೆಂಡತಿ ಚೀಲಾ ಹೊತಗೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ಬರುಮುಂದ ಅವನ ಕಣ್ಣು ಕೆಂಪಗಿದ್ವು, ನಾ ನೋಡೀನಿ. ಅಷ್ಟೇ ಗಂಡಸ್ತನ.

ಹಾಂ? ಗೌಡಾ? ಯಾವ ಗೌಡ... ಓ, ನನ್ನ ಗೌಡ! ನೀ ಅವನ್ನ ಕೇಳ್ಲಾಕತ್ತೀಯಾ? ಕೇಳು ತಂಗಿ, ಯಾರೂ ಕೇಳಂಗಿಲ್ಲ. ಸುನಂದಾನ ಘಟದ ಸುದ್ದಿ ಮುಂದ ನನ್ನ ದುಃಖ ಯಾರಿಗೆ ಬೇಕಾಗ್ಯಾದ?

ಲವ್ ಬರ್ಡ್ ಅಂತಾರಲ್ಲ, ಸಣ್ಣ ಗಿಣಿ, ಅವು. ಜೋಡಿ ತಂದಿದ್ದೆ. ಅಂವ ಹಸರ, ಈಕಿ ನೀಲಿ. ಅವನ ನಡಿಗಿ ನೋಡಿ ಗೌಡ ಅಂತ ಹೆಸರಿಟ್ಟೆ. ಎದಿ ಉಬ್ಬಿಸಿ ಆ ಕಡ್ಡಿ ಮ್ಯಾಲ ಆ ಕಡಿಂದ ಈ ಕಡಿ ಹೋಗಾಂವ, ಈಕಿಗೆ ತಿನ್ಲಾಕ ಮೊದಲ ಬಿಡಾಂವ ಅಲ್ಲ. ಪಕ್ಕಾ ಗೌಡ! ಅಂಗಡ್ಯಾನ ಒಣಾ ಕಾಳು ಹಾಕಿದ್ರ ಚುಂಚಿಲೆ ಎತ್ತಿ ಒಗೀತಿದ್ದ. ಅವನಿಗೆ ಮೊಳಕಿನೇ ಬೇಕು. ಅದೂ ನನ್ನ ಕೈಯಾನ ಮೊಳಕಿ.

ನಾ ಸಾಲ್ಯಾಗ ಎರಡನೆತ್ತಿ ಕಲತಾಕಿ, ಅದೂ ಪುರಾ ಇಲ್ಲ. ಆದ್ರ ಮೊಳಕಿದು ಕೇಳು, ಮಾಸ್ತರಗ ಹೇಳಿಕೊಡ್ತೀನಿ. ಸಂಜಿಕ ನವಣಿ, ಸಜ್ಜಿ, ಹೆಸರು ಒಂದು ಚರಗ್ಯಾಗ ನೆನಿ ಇಡೋದು. ಮುಂಜಾನಿ ನೀರು ಬಸದು, ಮತ್ತ ತೊಳದು, ಹಳೇ ಧೋತರದ ಅರಿವ್ಯಾಗ ಗಂಟು ಕಟ್ಟಿ ಆ ಮೊಳಿಗೆ ತೂಗ ಹಾಕೋದು. ನಡನಡುವ ನೀರು ಚಿಮಕಸೋದು. ಬಿಗದು ಕಟ್ಟಿದ್ರ ಉಸರಗಟ್ಟಿ ಲೋಳಿ ಆಗ್ತದ, ಸಡಿಲ ಕಟ್ಟಿದ್ರ ಒಣಗ್ತದ. ಬಾಲ ಮೂಡಿತೋ ಇಲ್ಲೋ, ಅಕ್ಕಿಕಾಳಿಗಿಂತ ಉದ್ದ ಬಿಡಂಗಿಲ್ಲ ನಾ, ಬಿಚ್ಚಿ ಪಿಂಜರಾದಾಗ ಹಾಕೋದು. ಧೋತರ ಯಾರದು ಅಂತೀ? ನನ್ನ ಗಂಡಂದು! ಇದ್ದಾಗ ಆ ಮನಷ್ಯಾ ಒಂದು ಕೆಲಸಕ್ಕ ಬರ್ಲಿಲ್ಲ, ಈಗ ಅವನ ಧೋತರ ದಿನಾ ಮೊಳಕಿ ತೆಗೀತದ.

ನಿನ್ನ ಮಗಳೂ ಇಲ್ಲೇ ಕುಂಡ್ರತಿದ್ಲು, ನೀ ಕುಂತ ಜಾಗಾದಾಗೇ. ಮಧ್ಯಾಹ್ನ ಸುನಂದಾ ಮಲಕೊಂಡ್ಲಂದ್ರ ಸಪ್ಪಳ ಇಲ್ಲದಂಗ ಬರ್ತಿದ್ಲು. 'ಆಯಿ, ಗಂಟು ನಾ ಬಿಚ್ಚಲೇನ್ರಿ?' ಅಂತ. ಗೌಡ್ತಿ ಆಕಿ ಬಟ್ಟು ಹಿಡಕೊಂಡು ಕುಂಡ್ರತಿತ್ತು. ಎಷ್ಟು ಮಾತಾಡ್ತಿದ್ಲು ಗಿಣಿ ಕೂಡ! ಮನುಷ್ಯಾರ ಕೂಡ ಇಲ್ಲ. ಅತ್ತಿ ಹೆಂಗ ನೋಡ್ಕೋತಾಳ, ಗಂಡ ಹೆಂಗ ಅಂತ ನಾ ಹೆಂಗರ ಮಾಡಿ ತಗೀಬೇಕಂತೀನಿ, ಒಂದು ಮಾತು ಬಿಡಾಕಿ ಅಲ್ಲ. ಹಿಂಗ ಬಾಯಿ ಬಿಗದಾಕಿ ಕೂಡ ಎಷ್ಟಂತ ಕುಂಡ್ರತಿ? ನನಗ ಬ್ಯಾಸರ ಬರ್ತಿತ್ತು. ಆದ್ರೂ ಬರ್ತಾಳ ಅಂತ ಎರಡು ಕಪ್ಪು ಚಾ ಇಡ್ತಿದ್ದೆ. ಈಗ... ಈಗ ಒಂದೇ ಕಪ್ಪು.

ಇರ್ಲಿ. ಆರತಿ ದಿನಾನೇ ಅದು, ಮುಂಜಾನಿಂದ ಮ್ವಾಡ ಮುಚ್ಚಿತ್ತು. ಮೈ ಅಂಟಂಟು, ಗಾಳಿನೇ ಇಲ್ಲ. ಮುಂಜಾನಿ ಗಂಟು ಬಿಚ್ಚತೀನಿ, ಲೋಳಿ! ನಾತ! ನನ್ನ ಮೊಳಕಿ ಹಳಸಿತ್ತು! ಇಷ್ಟು ವರ್ಷದಾಗ ಮೊದಲನೇ ಸಲ. ಯಾರಿಗೂ ಹೇಳಬ್ಯಾಡ. ಒಣಾ ಕಾಳಿನ ಡಬ್ಬಿ ನೋಡಿದ್ರ ಅದೂ ಖಾಲಿ. ಗೌಡ ಹಸದಿದ್ದ. ಪಿಂಜರಾದ ಸಳಿ ಕಡೀಲಾಕತ್ತಿದ್ದ, ನನ್ನ ಮಕ ನೋಡಿ ನೋಡಿ ಒದರ್ಲಾಕತ್ತಿದ್ದ. ಎಂಥಾ ಒದರೋದು ಅಂತಿ! ಬೈದಂಗೇ! ನನ್ನ ಗಂಡ ಊಟಕ್ಕ ತಡಾ ಆದ್ರ ಬೈತಿದ್ದನಲ್ಲ, ಹಂಗೇ.

ಆಮ್ಯಾಲ ತಿಂದ. ತಿಂದು ಮಧ್ಯಾಹ್ನದಾಗ ಸತ್ತ.

ಹೆಂಗ ಅಂದ್ರ... ಮೊದಲ ಸುಮ್ಮ ಕುಂತ. ಆಮ್ಯಾಲ ಬಾಯಿ ತೆರದು ತೆರದು ಉಸಿರು ಜಗ್ಗಿದ, ಗಾಳಿನೇ ಸಿಗಲಾರದವರಂಗ. ಕುತಿಗಿ ಹಿಂದಕ್ಕ ಹೊಳ್ಳಿತು. ನಡಗಿದ. ಕಾಲು ಸೆಡದು ಕಡ್ಡಿ ಮ್ಯಾಲಿಂದ ಕೆಳಗ ಬಿದ್ದ. ಅಷ್ಟರಾಗ ಸೃಷ್ಟಿ ಬಂದ್ಲು. ಅಂಗೈಯಾಗ ಹಿಡಕೊಂಡ್ಲು, ಸೆರಗಿಲೆ ಗಾಳಿ ಹಾಕಿದ್ಲು, 'ಗೌಡಾ, ಏ ಗೌಡಾ' ಅಂದ್ಲು. ಆಕಿ ಕೈಯಾಗೇ ಪ್ರಾಣ ಬಿಟ್ಟ. ನಾ ಓಣ್ಯಾಗ ಹೇಳಿದ್ದೂ ಅಷ್ಟೇ, ಸೃಷ್ಟಿ ಕೈಯಾಗ ಹಿಡದ್ಲು, ಗಿಣಿ ಪ್ರಾಣ ಬಿಡ್ತು ಅಂತ. ಇದರಾಗ ಸುಳ್ಳ ಯಾವದು? ತೋರಸು. ಆಕಿ ಕೈಯೇ ಛಲೋ ಇಲ್ಲ, ಗಿಣಿನೂ ಹೋತು ಘಟನೂ ಹೋತು ಅನ್ನೋದು ಮಂದಿ ತಾವೇ ಸೇರಿಸ್ಕೊಂಡಾರ. ಮಂದಿ ಬಾಯಿಗೆ ನಾ ಗಂಟು ಕಟ್ಲೇನು?

ಏನ ತಿಂದ ಅಂದ್ರ? ಮೊಳಕಿನೇ ತಿಂದ. ...ಹಳಸಿತ್ತು ಅಂದೆ, ಹೌದು. ಜರಾ ಹಳಸಿತ್ತು. ತೊಳದು ಹಾಕಿದೆ. ...ಚೆಲ್ಲಿದೆ ಅಂತ ನಾ ಅಂದೇ ಇಲ್ಲವ್ವಾ, ಅಂದ್ನೇನು?

ಏನು, ನಿಮ್ಮ ಆಕಳಾ? ನಿಮ್ಮ ಆಕಳ ಹಿಂಗೇ ಸತ್ತಿತ್ತಾ, ಹೊಲದಾಗ? ಬಾಯಿ ತೆರದು, ಕುತಿಗಿ ಹೊಳ್ಳಿಸಿ? ...ಎಳೀ ಜ್ವಾಳದ ಸಸಿ ಮೇದು. ಹಾಂ, ಅದು ನನಗೂ ಗೊತ್ತದ. ನಾನೂ ಒಕ್ಕಲಿಗರ ಮನಿ ಹೆಣ್ಣು. ಸಣ್ಣ ಸಸಿ ಇದ್ದಾಗ ಜ್ವಾಳ ವಿಷ, ದನ ಬಾಯಿ ಹಾಕದಂಗ ಕಾಯ್ತಿದ್ರು ನಮ್ಮಪ್ಪ. ಆದ್ರ ಆಕಳೆಲ್ಲಿ, ಗಿಣಿ ಎಲ್ಲಿ! ಅಂಗೈಯಷ್ಟಿಲ್ಲ ಅದು, ಅದಕ್ಕೆಲ್ಲಿಂದ ಜ್ವಾಳದ ಸಸಿ? ಜ್ವಾಳ ಅನ್ನೋದೇ ನಮ್ಮ ಮನ್ಯಾಗ ಇಲ್ಲ. ಡಬ್ಬಿ ತಗದು ನೋಡು ಬೇಕಾದ್ರ! ನಾ ಅಂಗಡಿಂದ ಹಿಟ್ಟೇ ತರ್ತೀನಿ, ಒಬ್ಬಾಕಿಗೆ ಎರಡು ರೊಟ್ಟಿ ಸಾಕು. ಒಂದು ಕಾಳು ಜ್ವಾಳ ಸಿಕ್ರ ನನ್ನ ಹೆಸರು ಬದಲ ಮಾಡು. ನನ್ನ ಮನ್ಯಾನ ಜ್ವಾಳ ತಿಂದು ಸತ್ತಿಲ್ಲ ಅಂವ. ಹಾಂ!

ಯಾಕ ಹಂಗ ನೋಡ್ತಿ?

ಕೀಲಿ? ಯಾವ ಕೀಲಿ?

ನಿಂದ್ರು ನಿಂದ್ರು. ಮಗಳು ಏನೂ ಹೇಳಿಲ್ಲ ಅಂದಿದ್ದಿ! ...ನಾನೇ ಅಂದ್ನಾ? ನೀ ಬರೇ ಗೋಣು ಹಾಕಿದ್ದಾ? ಭಾರಿ ಇದ್ದಿ ಕಸ್ತೂರಿ ನೀನು! ನಾ ನಿನ್ನ ಸಾದಾ ಹೆಂಗಸು ಅಂತ ತಿಳದಿದ್ದೆ. ಒಂದು ತಾಸಾತು ಬಾಯಿ ಬಿಚ್ಚಲಾರದ ನನ್ನ ಬಾಯಿ ಬಿಚ್ಚಿಸ್ಲಾಕತ್ತೀ.

ಆತು. ಸುನಂದಾನ ಮನಿ ಕೀಲಿ ನನ್ನ ಕೈಯಾಗ ಇತ್ತು. ಏನೀಗ? ನಾ ಕಸಗೊಂಡಿಲ್ಲ, ನಿನ್ನ ಮಗಳೇ ಕೊಟ್ಟಾಳ. ಸುನಂದಾ ಕಪನೂರಕ್ಕ ಹೋಗುಮುಂದ ಸೊಸಿಗೆ ಬಿಗಿ ಮಾಡಿ ಹೇಳಿ ಹೋಗಿದ್ಲು, ದೀಪದ ಮುಂದಿಂದ ಏಳಬ್ಯಾಡ, ಮನಿ ಖಾಲಿ ಬಿಡಬ್ಯಾಡ ಅಂತ. ಸೊಸಿ ಎದ್ಲು. ಎದ್ದು ಸೂಪರ್ ಮಾರ್ಕೆಟ್ ಕಡಿ ಹೋದ್ಲು. ಅದು ತಪ್ಪಲ್ಲೇನು? ಅತ್ತಿ ಮಾತು ಮೀರಿದ್ದು ತಪ್ಪಲ್ಲೇನು? ...ಯಾಕ ಹೋದ್ಲು ಅಂದ್ರ ಏನೋ ತರ್ಲಾಕ. ...ಹೌದು, ನವಣಿ. ...ಹೌದವ್ವಾ, ನನ್ನ ಗಿಣಿಗೇ! 'ಆಯಿ, ಗೌಡ ಹಸದಾನ್ರೀ, ನಾ ಓಡಿಹೋಗಿ ತರ್ತೀನಿ. ನೀವು ಜರಾ ದೀಪಕ್ಕ ಎಣ್ಣಿ ಹಾಕ್ರಿ. ಅತ್ತಿಗಿ ಹೇಳಬ್ಯಾಡ್ರಿ' ಅಂದ್ಲು. ಹೇಳೀನೇನು ನಾ ಸುನಂದಾಗ? ಬೇಕಾದ್ರ ಹೋಗಿ ಕೇಳು! 'ನಿನ್ನ ಸೊಸಿ ದೀಪ ಬಿಟ್ಟು ಎದ್ದಿದ್ಲು' ಅಂತ ನಾ ಆಕಿಗಿ ಒಂದು ಮಾತು ಅಂದಿಲ್ಲ. ಹುಟ್ಟಿದಾಗಿಂದ ನಾ ಹೊಟ್ಟ್ಯಾಗ ಇಟ್ಟಕೊಂಡ ಮಾತು ಅದೊಂದೇ! ಅದಕ್ಕರ ನನಗ ಶಾಬಾಸ್ ಅನ್ನಬೇಕು.

ಆಕಿನೂ ಹೇಳಿಲ್ಲ, ಹೌದು. ನನ್ನ ಹೆಸರು ತಗೀಲಿಲ್ಲ. ಅಷ್ಟು ಮಂದ್ಯಾಗ ನಿಂತು ಬರೇ ನನ್ನ ಕಡಿ ನೋಡಿದ್ಲು. ಹೇಳಿದ್ರ ದೀಪ ಬಿಟ್ಟ ತಪ್ಪು ಒಪ್ಪಬೇಕಾಗ್ತಿತ್ತಲ್ಲ, ಅದಕ್ಕ. ನನ್ನ ಸಲುವಾಗಿ ಅಲ್ಲ. ನನ್ನ ಸಲುವಾಗಿ ಯಾರು ಸುಮ್ಮ ಇರ್ತಾರ?

ಖೋಲ್ಯಾಗ ಕಾಲಿಟ್ಟಿಲ್ಲ ಅಂದಿದ್ದೆ, ನಿಜ. ಎಣ್ಣಿ ಹಾಕ್ಲಾಕ ಬರೇ ಕೈ... ಕಾಲಿಲ್ಲದ ಕೈ ಹೆಂಗ ಹೋತು ಅಂತೀ? ಏ, ನೀನೂ ಬಾಯಿ ಇದ್ದಾಕಿನೇ! ಹೋಗೀನಿ, ಎಣ್ಣಿ ಹಾಕೀನಿ, ಬಂದೀನಿ. ದೀಪ ಆರಿತ್ತೇನು? ಇಲ್ಲ. ನಾ ಹಾಕಿದ ಎಣ್ಣಿಗೇ ಇವತ್ತೂ ಉರೀಲಾಕತ್ತಾದ ಅನ್ನು.

ಚಾ ಮಾಡ್ಲೇನು? ಸಕ್ರಿ ಎಷ್ಟು? ಬ್ಯಾಡಾ? ಬಸ್ಸಿನಾಗ ಬಂದೀದಿ, ಗಂಟಲ ಒಣಗಿರ್ತದ... ಏನ ಹುಡಕ್ಲಾಕತ್ತಿ ಪಿಂಜರಾದಾಗ? ಕೈ ಹಾಕಬ್ಯಾಡ, ಗೌಡ್ತಿ ಕುಕ್ಕತಾಳ. ಕುಕ್ಕಲಿಲ್ಲ? ಬಟ್ಟು ಹಿಡಕೊಂಡು ಕುಂತ್ಲು ನೋಡು, ನಿನ್ನ ಮಗಳ ಕೈ ಅಂತ ತಿಳಕೊಂಡಾಳ. ಆ ಕಾಗದ ಬಿಡವ್ವಾ, ಹೊಲಸದ. ಅಂವ ಹೋದಾಗಿಂದ ನನಗ ಬಳೀಲಾಕ ಕೈ ಬಂದಿಲ್ಲ. ನಾ ಆಮ್ಯಾಲ ಬದಲ ಮಾಡ್ತೀನಿ. ಬಿಡು ಅಂದೆ...

ಏನದು?

ಹುಲ್ಲು. ಹುಲ್ಲೇ ಇರಬೇಕು. ಗಿಣಿ ಪಿಂಜರಾದಾಗ ಹುಲ್ಲು ಇರಂಗಿಲ್ಲೇನು? ...ಹಳದಿ ಅದ, ಹೌದು. ಒಣಗಿ ಹಳದಿ ಆಗ್ಯಾದ. ಇಷ್ಟುದ್ದ ಅದ, ಹೌದು. ...ಬುಡಕ್ಕ ಕರಿಮಣ್ಣಾ? ಕಾಳಿನ ಸಿಪ್ಪಿನಾ? ಯಾವ ಕಾಳೋ ಏನೋ ನನಗೇನ ಗೊತ್ತು, ನನಗ ಕಾಣಂಗಿಲ್ಲ ತಂಗಿ, ಮೋತಿಬಿಂದು ಬಂದಾದ ಕಣ್ಣಿಗೆ. ...ಘಟದ ಹಿಂದ ಬೋಳಾದದ್ದು ಕಂಡಿತು, ಅದು... ಅದು ಬ್ಯಾರೆ. ಅದು ದೂರದ್ದು. ದೂರದ್ದು ಕಾಣಸ್ತದ.

ಕಸ್ತೂರಿ?

ನೀ ಆರಿಸಿ ಕೊಟ್ಟ ತೆನಿದು ಅಂತ ಹೆಂಗ ಹೇಳ್ತಿ? ಜ್ವಾಳ ಜ್ವಾಳನೇ. ಯಾರರ ಎಸದಿರಬೇಕು. ಗಾಳಿಗೆ ಹಾರಿ ಬಂದಿರಬೇಕು. ಸೃಷ್ಟಿನೇ ತಂದು ಹಾಕಿರಬೇಕು! ಆಕಿ ಬಜಾರಕ್ಕ ಹೋದಾಗ... ಇಲ್ಲ, ಆಕಿ ಬಂದಾಗ ಅಂವ ಆಗಲೇ ಬಾಯಿ ತೆರೀಲಾಕತ್ತಿದ್ದ. ನಾನೇ ಹೇಳೀನಿ, ಹೌದು.

ಏನರ ಅನ್ನು ಮಾರಾಯ್ತಿ! ಸುಮ್ಮ ಕುಂದ್ರಬ್ಯಾಡ. ಇಷ್ಟೊತ್ತು ಒಂದೊಂದು ಮಾತರ ಆಡ್ತಿದ್ದಿ.

ಅಷ್ಟೊಂದು ಇದ್ವು ಅವು! ಒಳಗ ಹೋದೆ, ಕತ್ತಲಾಗ ಬಂಗಾರದಂಗ ನಿಂತಿದ್ವು. ಇಲ್ಲಿ ಈ ಮನ್ಯಾಗ ನನ್ನ ಮೊಳಕಿ ನಾರಲಾಕತ್ತಾದ, ಗ್ವಾಡಿ ಆಚಿಂದ ಗೌಡ ಒದರೋದು ಅಲ್ಲಿತನಕ ಕೇಳಸ್ಲಾಕತ್ತಾದ. ಮುಂದಿನ ಗೋಧಿ ಮುಟ್ಟಿಲ್ಲ ನಾ! ಹಿಂದಿಂದು ಯಾರು ನೋಡ್ತಾರ, ಒಂದು ಚಿಮಟಿ... ಅಂತ ಯಾರಿಗರ ಅನಸಬಹುದು. ಯಾರಿಗರ ಅಂದೆ. ನನಗ ಅಂದಿಲ್ಲ. ಎಷ್ಟು ಖುಷಿಲೆ ತಿಂದ ಅಂತಿ ಅಂವ! ಈಕಿಗೆ ಒಂದು ಎಸಳು ಬಿಡ್ಲಿಲ್ಲ. ಅದಕ್ಕೇ ಈಕಿ ಉಳದಾಳ. ಆಕಿ ತೊಗೊಂಡ್ಲು ಅವನ್ನ. ಅಲ್ಲೇ, ಆಗಿಂದಾಗ ತೊಗೊಂಡ್ಲು. ಆಕಿ ಅಂದ್ರ ಸೃಷ್ಟಿ ಅಲ್ಲ... ಆಕಿ. ಘಟದಾಗ ಕುಂತಾಕಿ. ಜ್ವಾಳದ ಹಸಿ ಸಸಿ ವಿಷ ಅಂತ ನನಗ ಗೊತ್ತಿಲ್ಲೇನು? ಗೊತ್ತದ. ಆದ್ರ ದೇವಿ ಮುಂದಿಂದು ಅಂತ... ಪ್ರಸಾದ ಅಂತ...

ಬ್ಯಾಡ, ಹಂಗ ನೋಡಬ್ಯಾಡ. ನಾ ಏನೂ ಹೇಳಿಲ್ಲ. ನೀ ಏನೂ ಕೇಳಿಲ್ಲ.

ಎದ್ದಿ ಯಾಕ? ಬಾಳಿಹಣ್ಣು ಅಲ್ಲೇ ಇಡು. ಎಲ್ಲಾ ಸುನಂದಾಗೇ ಕೊಡ್ತಿ? ಕೊಡು, ಕೊಡು. ಆಕಿಗೆ ಏನ ಹೇಳ್ತಿ? ನಾ ಹೇಳ್ತೀನಿ ಕೇಳು, ನಾಳೆ ಬಳಗ ಹೋದ ಮ್ಯಾಲ ನಾನೇ ಆಕಿಗೆ ನಿಧಾನಕ್ಕ ತಿಳಿಸಿ... ಬಳಗ ಹೋದ ಮ್ಯಾಲ ಏನೂ ಉಪಯೋಗ ಇಲ್ಲ, ಖರೇ ಅದ. ಹಂಗಾದ್ರ ಇಲಿ ಅನ್ನೋಣ! ಘಟ ಇಲಿ ಕಡದದ ಅಂತ ಓಣಿ ತುಂಬ ನಾ ಹಬ್ಬಸ್ತೀನಿ, ಸಂಜಿ ಆಗೂದ್ರಾಗ ಎಲ್ಲಾರೂ ನಂಬತಾರ, ನನಗ ಬಿಡು ಆ ಕೆಲಸ...

ಏನ ಮಾಡ್ಲಾಕತ್ತಿ? ನನ್ನ ಹಿಂದ ಯಾಕ ನಿಂತಿ? ಕೂದಲ ಮುಟ್ಟಬ್ಯಾಡ... ಅಯ್ಯ! ಅಯ್ಯ ಕಸ್ತೂರಿ, ತುರುಬಿನಾಗ ಯಾಕ ಸಿಗಸಿದಿ ಅದನ್ನ? ಅದು ನಾಳಿಂದು! ಘಟ ಎತ್ತಿದ ಮ್ಯಾಲ ಇಡೋದು! ಸೊಸಿ ಇಡಬೇಕು, ನೀ ಅಲ್ಲ... ಏ, ಕಾಲು ಬಿಡು! ಕಾಲಿಗೆ ಬೀಳಬ್ಯಾಡ ತಂಗಿ, ಬೈ ಬೇಕಾದ್ರ. ಬೈಯರ ಬೈ! ಇಷ್ಟು ಮಂದಿ ಬೈತಾರ, ನೀನೂ ಬೈ. ಹಿಂಗ ಮಾತಿಲ್ಲದ ಕಾಲಿಗೆ ಬಿದ್ರ ನಾ ಏನ ಮಾಡ್ಲಿ?

ಕೈ ಯಾಕ ಹಿಡದಿ? ಎಲ್ಲಿಗಿ? ಬಾಜೂ ಮನಿಗಾ? ಈಗಾ? ಬಿಡು, ಚಪ್ಪಲ ಹಾಕ್ಕೊತೀನಿ. ಸೀರಿ ಬದಲ ಮಾಡ್ತೀನಿ. ಬಾಗಲಾ ಮುಚ್ಚಿಲ್ಲ, ಬೆಕ್ಕು ಬರ್ತದ... ಗೌಡ್ತಿ ಒದರ್ಲಾಕತ್ತಾಳ ಕೇಳು! ಇಷ್ಟು ದಿನ ಸುಮ್ಮ ಕುಂತಾಕಿ ಈಗ ಒದರ್ಲಾಕತ್ತಾಳ! ಜಗ್ಗಬ್ಯಾಡವ್ವಾ, ಬರ್ತೀನಿ. ಬರ್ಲಾಕತ್ತೀನಲ್ಲ. ಅಲ್ಲಿ ಹೋಗಿ ನಾ ಏನಂತ ಹೇಳ್ಲಿ? ಎಲ್ಲಿಂದ ಶುರು ಮಾಡ್ಲಿ? ಒಂದು ಮಾತು ಹೇಳಿಕೊಡು ಕಸ್ತೂರಿ, ಒಂದೇ ಮಾತು... ನನಗ ಬಾಯೇ ಬರವಲ್ದು.

ಸುನಂದಾ... ಏ ಸುನಂದಾ, ಬಾಗಲಾ ತೆಗಿ. ನಿಮ್ಮ ಬೀಗತಿ ಬಂದಾಳ. ಬಾಳಿಹಣ್ಣು ತಂದಾಳ. ನಾ... ನಾ ಸುಮ್ಮ ಜೋಡಿ ಬಂದೀನಿ.

ಅಯ್ಯ, ಇಲ್ಲಿ ನನ್ನ ಮಕ ನೋಡು ಸುನಂದಾ. ತುರುಬು ನೋಡಬ್ಯಾಡ.